ಮತ್ಸ್ಯವಿನೋದವೂ ದಯೆಯೂ

ಥಾಣೆ ಜಿಲ್ಲೆಯ ಕಲ್ಯಾಣದಲ್ಲಿ, ದುರ್ಗಾಡಿ ಕೋಟೆಯ ಕೆಳಗೆ ಉಲ್ಹಾಸ ನದಿಯು ಖಾಡಿಯಾಗಿ, ತಾನು ಸಿಹಿಯೋ ಉಪ್ಪೋ ಎಂಬುದನ್ನು ಉಬ್ಬರವಿಳಿತಗಳಿಗೆ ಬಿಟ್ಟುಕೊಟ್ಟು ಹರಿಯುವ ಎಡೆಯಲ್ಲಿ, ರವಿವಾರದ ಸಂಜೆ ಗಾಳದ ಕೋಲು ಹಿಡಿದು ಕುಳಿತವರನ್ನು ಕಂಡಾಗಲೆಲ್ಲ, ಡೊಂಬಿವಲಿಯ ನನ್ನ ನೆರೆಯವರೊಬ್ಬರು ಆಡಿದ ಮಾತು ನೆನಪಾಗುವುದು. ಕುಂದಾಪುರದ ಕಡೆಯವರಾದ ಅವರು ನವಿ ಮುಂಬಯಿಯ ದಿವಾಳೆ ಕೋಲಿವಾಡದಿಂದ ದೋಣಿಯೇರಿ, ಬೆಳಗಿನ ಉಬ್ಬರದಲ್ಲಿ ಪನ್ವೇಲ್ ಖಾಡಿಯ ಕಾಂಡ್ಲಾ ಬೇರುಗಳ ಬಳಿ ಜಿತಾಡಾ ಮೀನಿಗೆ ಗಾಳವೆಸೆದು, ನೀರಿಳಿಯತೊಡಗಿದೊಡನೆ ಮುಂಬಯಿ ಬಂದರದ ಬಾಯಿಯನ್ನು ದಾಟಿ, ಹೊರಗಡಲಿನಲ್ಲಿ ಸುರಮೈಯನ್ನೂ, ಬಂಡೆಯ ಬುಡದ ಗೋಬ್ರಾವನ್ನೂ ಅರಸುವವರು. “ಮಾರಾಯ್ರೆ, ನಾನು ಒಂದನ್ನೂ ಕೊಲ್ಲುವುದಿಲ್ಲ, ಹಿಡಿದು ಬಿಡುತ್ತೇನೆ. ಇದರಲ್ಲಿ ಪಾಪ ಎಲ್ಲಿಂದ ಬಂತು?” ಎಂದು ಅವರು ಕೇಳಿದ್ದರು. ಉತ್ತರ ಹುಡುಕಲು ನನಗೊಂದು ಮಳೆಗಾಲವೇ ಬೇಕಾಯಿತು.

ಇದೇ ಹೆಸರಿನ ಇನ್ನೊಂದು ಪಟ್ಟಣದಲ್ಲಿ, ಚಾಲುಕ್ಯರ ಕಲ್ಯಾಣದಲ್ಲಿ, ಆಳುತ್ತಿದ್ದ ಮೂರನೆಯ ಸೋಮೇಶ್ವರನು ೧೧೩೦ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವನ್ನೂ ಸೇರಿಸಿ, ಕಡಲಿನವು ಯಾವುವು, ನದಿಯವು ಯಾವುವು, ಶಲ್ಕವುಳ್ಳವು ಯಾವುವು, ಇಲ್ಲದವು ಯಾವುವು ಎಂದು ಮೀನುಗಳನ್ನು ವಿಂಗಡಿಸಿ, ಅವುಗಳಿಗೆ ಸಲ್ಲುವ ಎರೆಯನ್ನೂ ಹೇಳಿದ್ದಾನೆ. ನನ್ನ ನೆರೆಯವರ ಹವ್ಯಾಸಕ್ಕೆ ಹೀಗೆ ರಾಜಮರ್ಯಾದೆಯ ವಂಶಾವಳಿಯುಂಟು. ಆದರೆ ಒಂದು ಆಟಕ್ಕೆ ಶಾಸ್ತ್ರವಿದೆಯೆಂದ ಮಾತ್ರಕ್ಕೆ ಅದು ಧರ್ಮವಾಗಲಿಲ್ಲ. ಆ ರಾಜನ ತರುವಾಯ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಧರ್ಮವನ್ನೇ ದಯೆಯ ಒರೆಗೆ ಹಚ್ಚಿದರು.

ಈ ಪ್ರಶ್ನೆಯನ್ನು ಇನ್ನೂ ಸೂಕ್ಷ್ಮವಾಗಿ ತೂಗಿದವರು ಜೈನರು. ರಾಷ್ಟ್ರಕೂಟರ ಕಾಲದ ಸೋಮದೇವಸೂರಿಯು, ೯೫೯ರಲ್ಲಿ ಮುಗಿಸಿದ ‘ಯಶಸ್ತಿಲಕ’ದಲ್ಲಿ, ಉಳುವಾಗ ಹುಳುಹುಪ್ಪಟೆಗಳನ್ನು ಕೊಲ್ಲುವ ಒಕ್ಕಲಿಗನಿಗಿಂತ ಒಂದು ಮೀನನ್ನೂ ಹಿಡಿಯದೆ ಮರಳಿದ ಬೆಸ್ತನೇ ಪಾಪಿಯೆಂದು ನಿರ್ಣಯಿಸಿದನು, ಪಾಪವು ಕೈಯಲ್ಲಿಲ್ಲ, ಸಂಕಲ್ಪದಲ್ಲಿದೆಯೆಂಬುದು ಅವನ ವಾದ. ‘ಯಶಸ್ತಿಲಕ’ದಲ್ಲಿ ಬರುವ ಯಶೋಧರ ರಾಜನ ಕಥೆಯನ್ನೇ ೧೨೦೯ರಲ್ಲಿ ಕನ್ನಡದಲ್ಲಿ ಹೇಳಿದ ಜನ್ನನ ‘ಯಶೋಧರ ಚರಿತೆ’ಯಲ್ಲಿ, ಹಿಟ್ಟಿನ ಹುಂಜವೊಂದನ್ನು ಬಲಿಗೊಟ್ಟ ಅರಸನು ಜನ್ಮಜನ್ಮಾಂತರಗಳಲ್ಲಿ ತೊಳಲುವನು, ಅವುಗಳಲ್ಲೊಂದು ಜನ್ಮ ಮೀನಿನದು. ಹಿಟ್ಟಿನ ಹುಂಜದಲ್ಲಿ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ನನ್ನ ನೆರೆಯವರ ಗಾಳದಲ್ಲಿ ಜೀವವಿದೆ, ಕೊಲ್ಲುವ ಸಂಕಲ್ಪವಿಲ್ಲ. ಹಾಗಿದ್ದರೆ ಅವರ ಸಂಕಲ್ಪವೇನು? ಕೋಲು ಬಾಗಬೇಕು, ದಾರ ಬಿಗಿಯಬೇಕು, ಮೀನು ಸೆಣಸಬೇಕು. ಸೆಣಸದ ಮೀನಿನಲ್ಲಿ ಅವರಿಗೆ ರುಚಿಯಿಲ್ಲ. ಒಂದು ಜೀವದ ಪ್ರಾಣಭಯವೇ ಈ ವಿನೋದದ ರಸವೆಂದ ಮೇಲೆ, ಕೊನೆಗೆ ಬಿಟ್ಟೆನೆಂಬುದರಿಂದ ಲೆಕ್ಕ ಪೂರ್ಣವಾಗಿ ಚುಕ್ತಾ ಆಗದು.

ಅಲ್ಲದೆ, ಬಿಡುವುದೆಂಬುದು ಎರಡು ನೀರುಗಳಲ್ಲಿ ಒಂದೇ ಅರ್ಥವುಳ್ಳದ್ದಲ್ಲ. ಖಾಡಿಯ ಕಡಿಮೆ ಆಳದಲ್ಲಿ ಸಿಕ್ಕ ಜಿತಾಡಾವನ್ನು ಹಿಮ್ಮುಳ್ಳಿಲ್ಲದ ಗಾಳದಿಂದ ಬಿಡಿಸಿ, ಒದ್ದೆಗೈಯಿಂದ ನೀರಿನಲ್ಲಿಯೇ ಆಧರಿಸಿ ಬಿಟ್ಟರೆ ಅದು ಬಹುಶಃ ಬದುಕೀತು. ಈ ಮೀನು ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುವ ಜಾತಿಯದು. ಆದ್ದರಿಂದ ಗಾಳಿಗನು ಹೆಮ್ಮೆಯಿಂದ ಎತ್ತಿ ತೋರಿಸುವ ಭಾರಿ ಮೀನು ಪ್ರಾಯಶಃ ಒಂದು ತಾಯಿ. ಅದನ್ನು ಬಿಡುವುದರಲ್ಲಿ ಅರ್ಥವಿದೆ. ಆದರೆ ೩೦ ಮೀಟರ್ ಆಳದಿಂದ ಗೋಬ್ರಾವನ್ನು ಸರ್ರನೆ ಮೇಲೆಳೆದಾಗ, ನೀರಿನ ಒತ್ತಡ ನಾಲ್ಕರಲ್ಲೊಂದಾಗಿ ಇಳಿದು, ಒಡಲೊಳಗಿನ ಗಾಳಿಚೀಲವು ಉಬ್ಬಿ, ಜಠರವು ಬಾಯಿಗೆ ಬಂದು, ಕಣ್ಣು ಹೊರಚಾಚುವುದು. ಬಿಟ್ಟರೂ ಅದು ಅನೇಕವೇಳೆ ತಳಕ್ಕಿಳಿಯಲಾರದೆ ತೇಲುತ್ತ ಹಕ್ಕಿಗಳ ಪಾಲಾಗುವುದು. ಕೈ ಅದೇ, ಮನಸ್ಸು ಅದೇ, ಬಿಡುವ ಕ್ರಿಯೆಯೂ ಅದೇ. ಒಂದೆಡೆ ಅದು ದಯೆ, ಇನ್ನೊಂದೆಡೆ ದಯೆಯ ನಟನೆ. ಶುದ್ಧ ಸಂಕಲ್ಪವೊಂದೇ ಸಾಲದು, ನೀರಿನ ಆಳವನ್ನರಿತ ಜ್ಞಾನವೂ ಬೇಕೆಂಬುದನ್ನು ಸೋಮದೇವನಿಗೆ ನಾವು ಸೇರಿಸಿ ಹೇಳಬೇಕಾಗಿದೆ.

ದಿವಾಳೆಯ ಕೋಲಿ ಬೆಸ್ತರನ್ನು ಸೋಮದೇವನ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಮನಸ್ಸಿಲ್ಲ. ಅವರು ಮೀನನ್ನು ಕೊಲ್ಲುವರು, ಮಾರುವರು, ಉಣ್ಣುವರು. ಆದರೆ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ಶ್ರಾವಣದ ನಾರಳಿ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ವರ್ಷದ ಬಲೆ ಬೀಸುವುದು ಅವರ ಹಿರಿಯರಿಂದ ಬಂದ ಕಟ್ಟಳೆ. ತೆಗೆದುಕೊಳ್ಳುವವನು ಮೊದಲು ಕೊಡಬೇಕು, ಕಾಯಬೇಕು ಎಂಬುದು ಅದರ ತಾತ್ಪರ್ಯ. ಹಸಿವಿಗೆ ಹೊಟ್ಟೆಯೇ ಎಲ್ಲೆ. ವಿನೋದಕ್ಕೆ ಅಂತಹ ಸಹಜವಾದ ಎಲ್ಲೆಯಿಲ್ಲವಾದುದರಿಂದ, ವಿನೋದಿಯು ಅದನ್ನು ವ್ರತದಂತೆ ತಾನೇ ಕಟ್ಟಿಕೊಳ್ಳಬೇಕು.

ನೆರೆಯವರಿಗೆ ನಾನು ಕೊಟ್ಟ ಉತ್ತರ ಇಷ್ಟು: ಹಿಡಿದು ಬಿಡುವುದು ದಾನವಲ್ಲ, ಎರವಲು ತಂದುದನ್ನು ಹಿಂದಿರುಗಿಸುವುದು. ಖಾಡಿಯಲ್ಲಿ ಅದು ಸಾಧ್ಯವಾದರೆ, ಮಿತವಾಗಿ ಆಡಿರಿ. ಹೊರಗಡಲಿನಲ್ಲಿಯಾದರೋ, ಮನೆಯವರ ಊಟಕ್ಕೆ ಬೇಕಾದ ಒಂದು ಮೀನನ್ನು ಹಿಡಿದು, ಕೊಂದೆನೆಂದು ಒಪ್ಪಿಕೊಂಡು, ಕೋಲನ್ನು ಮಡಚಿಡಿರಿ. ಮರಳಿಸಲಾಗದ್ದನ್ನು ಎರವಲು ತರಬಾರದು.