ಉಸಿರಿನ ಬೆಲೆ

ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಉಸಿರು ಉಳಿಸಿದರೆ ಹೊಣೆ ಮುಗಿಯಿತೇ?

1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ಇಂಥ ಶಿಶುಗಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡನ್ನು ಧಾರಾಳವಾಗಿ ಕೊಡಲಾಗುತ್ತಿತ್ತು. ಶ್ವಾಸಕೋಶ ಚೇತರಿಸಿ ಶಿಶು ವೆಂಟಿಲೇಟರಿನಿಂದ ಬೇಗ ಹೊರಬರುತ್ತಿತ್ತು. ಎಲ್ಲರಿಗೂ ಸಮಾಧಾನ. ಆದರೆ ಮಕ್ಕಳು ನಡೆಯುವ ವಯಸ್ಸಿಗೆ ಬಂದಾಗ ಇನ್ನೊಂದು ಲೆಕ್ಕ ಹೊರಬಿತ್ತು: ಹುಟ್ಟಿದ ಮೊದಲ ವಾರದಲ್ಲೇ ಔಷಧಿ ಪಡೆದವರಲ್ಲಿ ಸೆರೆಬ್ರಲ್ ಪಾಲ್ಸಿ ಹೆಚ್ಚಾಗಿತ್ತು. ಮೆದುಳಿನ ಬೆಳವಣಿಗೆ ಕುಂಠಿತವಾದದ್ದೂ ಕಂಡುಬಂತು. 2002ರಲ್ಲಿ ಅಮೆರಿಕ, ಕೆನಡಾದ ಮಕ್ಕಳ ತಜ್ಞರ ಸಂಘಗಳು ವಾಡಿಕೆಯಂತೆ ಇದನ್ನು ಕೊಡಬಾರದೆಂದವು. ವೆಂಟಿಲೇಟರ್ ಬಿಡಲಾಗದ ಶಿಶುವಿಗೆ ಈಗಲೂ ಕಡಿಮೆ ಪ್ರಮಾಣದಲ್ಲಿ, ಅಳೆದೂ ಸುರಿದೂ ಕೊಡುವುದುಂಟು.

ವೈದ್ಯರ ನಿಯ್ಯತ್ ಶುದ್ಧವಾಗಿತ್ತು, ನಿಜ. ಆದರೆ ಬಾಯಿಲ್ಲದ ಕೂಸು ನಮ್ಮ ಕೈಗಿಟ್ಟ ಅಮಾನತ್ತು. ಅದನ್ನು ಕಾಯಲು ನಿಯ್ಯತ್ತೊಂದೇ ಸಾಲದು. ಕೊಟ್ಟ ಮದ್ದು ವರ್ಷಗಳ ನಂತರ ಏನು ಮಾಡಿತೆಂದು ಹಿಂಬಾಲಿಸಿ ನೋಡುವ ತಾಳ್ಮೆಯೂ ಬೇಕು. ಕೂಸು ಮನೆಗೆ ಹೋದ ದಿನ ಚಿಕಿತ್ಸೆಯ ಲೆಕ್ಕ ಮುಗಿಯುವುದಿಲ್ಲ.