ರಸಪರಿತ್ಯಾಗವೂ ರಕ್ತಪರೀಕ್ಷೆಯೂ

ಅಂಕೋಲಾ ತಾಲೂಕಿನ ಹಿಲ್ಲೂರಿನಲ್ಲಿ ಒಬ್ಬ ಶ್ರಾವಕನಿದ್ದಾನೆಂದು ಭಾವಿಸೋಣ. ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ಅವನು ತಪ್ಪಿಸಿದವನಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ 160, ಟ್ರೈಗ್ಲಿಸರೈಡ್ 260 ಎಂದು ಬಂದಿತು. ವೈದ್ಯರ ಮಾತಿನಂತೆ ಅವನು ತುಪ್ಪವನ್ನೂ ಬೆಲ್ಲವನ್ನೂ ಬಿಟ್ಟನು. ಇದು ರಸಪರಿತ್ಯಾಗವೋ, ಬರಿಯ ಪಥ್ಯವೋ?

ವ್ರತವಿದ್ದೂ ರಕ್ತ ಕೆಟ್ಟುದೇಕೆ ಎಂಬುದನ್ನು ಮೊದಲು ನೋಡಬೇಕು. ತುಪ್ಪ, ತೆಂಗಿನೆಣ್ಣೆಗಳ ಕೊಬ್ಬು ಎಲ್‌ಡಿಎಲ್ಲನ್ನು ಏರಿಸುತ್ತದೆ. ಸಿಹಿ ಮತ್ತು ಅನ್ನದ ಅತಿರೇಕ ಟ್ರೈಗ್ಲಿಸರೈಡನ್ನು ಏರಿಸುತ್ತದೆ, ನಿತ್ಯದ ನಡಿಗೆ ಇಳಿಸುತ್ತದೆ. ತಿಂಗಳಿಗೆ ನಾಲ್ಕು ಉಪವಾಸಗಳು ಉಳಿದ ದಿನಗಳ ಊಟವನ್ನು ಅಳಿಸಲಾರವು. ಪಾರಣೆಯಲ್ಲಿ ಹೋಳಿಗೆ, ಕರಿದ ತಿಂಡಿಗಳಿದ್ದರಂತೂ ಹೇಳಬೇಕಾದುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಆರು ಬಾಹ್ಯತಪಗಳನ್ನು ಎಣಿಸುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು, ಅಂದರೆ ಹೊಟ್ಟೆ ತುಂಬುವ ಮುನ್ನವೇ ಏಳುವುದನ್ನು, ಇಟ್ಟಿದ್ದಾರೆ. ಶ್ರಾವಕರ ಮನೆಗಳು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಮರೆತಂತಿದೆ. (ವಂಶದಿಂದ ಬರುವ ದೋಷವೂ ಉಂಟು, ಅಂಕಿ ಏರಿದವರೆಲ್ಲ ಅಸಂಯಮಿಗಳೆನ್ನುವುದು ಅನ್ಯಾಯ.)

ಇನ್ನು ಮೂಲಪ್ರಶ್ನೆ. ವ್ರತದ ಫಲವಾಗಿ ಭೋಗವನ್ನು ಬಯಸುವುದು ನಿದಾನಶಲ್ಯ. ಆರೋಗ್ಯದ ಬಯಕೆಯೂ ನಿದಾನವೇ? ಸಾಮಾಯಿಕ, ಸ್ವಾಧ್ಯಾಯಗಳಿಗೆ ದೇಹ ಬೇಕೆಂಬುವನಿಗೆ ಅದನ್ನು ಹೇಳಲಾಗದು. ಮತ್ತೆ ತುಪ್ಪ ಉಣ್ಣುವುದಕ್ಕಾಗಿಯೇ ಗುಣವಾಗಬಯಸುವವನಿಗೆ ಹೇಳಬಹುದು. ಪಥ್ಯವು ಅಂಕಿಯೊಡನೆ ಮುಗಿಯುತ್ತದೆ. ವ್ರತವು ತಾನು ಸಂಕಲ್ಪಿಸಿದ ಅವಧಿಯವರೆಗೆ ನಡೆಯುತ್ತದೆ. ಆರು ತಿಂಗಳಲ್ಲಿ ಹಿಲ್ಲೂರಿನವನ ಅಂಕಿ ಇಳಿಯಿತೆನ್ನಿ. ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಕುಳಿತಾಗ ಮನೆಯವರು ತುಪ್ಪದ ಗಿಂಡಿಯನ್ನು ಮುಂದಿಡುತ್ತಾರೆ. ಅವನು ಬಿಟ್ಟದ್ದು ಏನನ್ನು ಎಂಬುದು ಆಗ ತಿಳಿಯುತ್ತದೆ.