ಚೀನೀ ಕಲಿಸುವ ಆವರ್ತ ಕೋಷ್ಟಕ

ಚೀನೀ ಭಾಷೆ ಕಲಿಯಹೊರಟ ಪ್ರೌಢಶಾಲೆಯ ಮಕ್ಕಳ ಕೈಗೆ ಮೊದಲು ಕೊಡಬೇಕಾದದ್ದು ಅಲ್ಲಿನ ರಸಾಯನಶಾಸ್ತ್ರದ ಆವರ್ತ ಕೋಷ್ಟಕ. ‘ನನ್ನ ಹೆಸರು ಇಂಥದ್ದು’ ಎಂಬ ಪಾಠ ಆಮೇಲೆ ಬರಲಿ. ಧಾತುಗಳ ಗುಣ ಮಕ್ಕಳಿಗೆ ಗೊತ್ತೇ ಇದೆ. ಆ ತಿಳಿವನ್ನು ಹಿಡಿದುಕೊಂಡೇ ಲಿಪಿಯೊಳಕ್ಕೆ ಹೋಗಬಹುದು.

ಆ ಕೋಷ್ಟಕದಲ್ಲಿ ಧಾತುವಿಗೆ ಒಂದೊಂದೇ ಅಕ್ಷರ. ಅಕ್ಷರದೊಳಗೇ ಅದರ ಜಾತಿಯ ಗುರುತು: ಲೋಹಕ್ಕೆ ಚಿನ್ನ, ಘನ ಅಲೋಹಕ್ಕೆ ಕಲ್ಲು, ಅನಿಲಕ್ಕೆ ತಲೆಯ ಮೇಲೆ ಆವಿ. ಬ್ರೋಮಿನ್ ನೋಡಿ. ಎಡಕ್ಕೆ ನೀರಿನ ಮೂರು ಹನಿ, ಏಕೆಂದರೆ ಕೋಣೆಯ ಉಷ್ಣತೆಯಲ್ಲಿ ಅದು ದ್ರವ. ಬಲಕ್ಕೆ ‘ನಾತ’ ಎಂಬ ಅಕ್ಷರ. ಆ ನಾತವನ್ನೂ ಬಿಡಿಸಿದರೆ ಮೇಲೆ ಮೂಗು, ಕೆಳಗೆ ನಾಯಿ! ವಾಸನೆ ಹಿಡಿಯುವುದರಲ್ಲಿ ನಾಯಿಯನ್ನು ಮೀರಿಸುವವರಿಲ್ಲ ಎಂದು ಸಾವಿರಾರು ವರ್ಷಗಳ ಹಿಂದಿನ ಚೀನೀಯರು ಕಂಡುಕೊಂಡದ್ದು ಇಂದಿನ ಪ್ರಯೋಗಶಾಲೆಯ ಸೀಸೆಯ ಮೇಲೆ ಕೂತಿದೆ. ಸಂಸ್ಕೃತಿಯ ಪಾಠಕ್ಕೆ ಬೇರೆ ಪುಸ್ತಕ ಬೇಕೆ?

ಈ ಹೆಸರುಗಳ ಹಿಂದೆ ಬಹಳ ಶ್ರಮವಿದೆ. 1870ರ ಆಸುಪಾಸಿನಲ್ಲಿ ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರದಲ್ಲಿ ಇಂಗ್ಲಿಷಿನವನಾದ ಜಾನ್ ಫ್ರೈಯರ್ ರಸಾಯನಶಾಸ್ತ್ರದ ಪುಸ್ತಕವನ್ನು ಬಾಯಲ್ಲಿ ಚೀನೀಗೆ ತರುತ್ತಿದ್ದ. ಜೊತೆಗಿದ್ದ ಚೀನೀ ವಿದ್ವಾಂಸ ಶು ಶೌ ಅದನ್ನು ತಿದ್ದಿ ಬರೆಯುತ್ತಿದ್ದ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣಕ್ಕೆ ಹಳೆಯ ಹೆಸರೇ ಉಳಿಯಿತು. ಹೊಸ ಧಾತುವಾದರೆ ಹೆಚ್ಚಾಗಿ ಪಾಶ್ಚಾತ್ಯ ಹೆಸರಿನ ಒಂದು ಧ್ವನಿ, ಜೊತೆಗೊಂದು ಗುರುತು. ಮೆಗ್ನೀಸಿಯಮ್‌ಗೆ ‘ಮೇ’ ಎಂಬ ಧ್ವನಿ, ಪಕ್ಕದಲ್ಲಿ ಲೋಹ.

ನಮ್ಮ ‘ಆಮ್ಲಜನಕ’ದಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವಾಸಿಯೆಯ ತಪ್ಪು ಊಹೆ ಇನ್ನೂ ಉಳಿದಿದೆ, ಆಮ್ಲಗಳಿಗೆಲ್ಲ ಆಮ್ಲಜನಕವೇ ಮೂಲ ಎಂದು ಅವನು ನಂಬಿದ್ದ. 1855ರಲ್ಲಿ ಬೆಂಜಮಿನ್ ಹಾಬ್ಸನ್ ಎಂಬ ಮಿಷನರಿ ವೈದ್ಯ ತನ್ನ ಚೀನೀ ಪುಸ್ತಕದಲ್ಲಿ ಅದನ್ನು ‘ಪೋಷಿಸುವ ಗಾಳಿ’ ಎಂದ. ಉಸಿರನ್ನು ನೆನೆದು ಇಟ್ಟ ಆ ಹೆಸರೇ ನನಗೆ ಹೆಚ್ಚು ಇಷ್ಟ.

2017ರಲ್ಲಿ 118ನೆಯ ಧಾತು ಒಗನೆಸ್ಸಾನ್‌ಗೂ ಚೀನಾ ಹೊಸ ಅಕ್ಷರ ಕೊಟ್ಟಿತು, ಆವಿಯ ಗುರುತಿನೊಂದಿಗೆ. ಅದು ನಿಷ್ಕ್ರಿಯ ಅನಿಲಗಳ ಸಾಲಿನಲ್ಲಿದೆ, ಸರಿ. ಆದರೆ ಈವರೆಗೆ ತಯಾರಾದದ್ದು ಅದರ ಬೆರಳೆಣಿಕೆಯ ಪರಮಾಣುಗಳಷ್ಟೆ. ಕೋಣೆಯ ಉಷ್ಣತೆಯಲ್ಲಿ ಅದು ಘನವಾಗಿರಬಹುದು ಎನ್ನುತ್ತವೆ ಲೆಕ್ಕಾಚಾರಗಳು. ಹಾಗಾದರೆ ಅದಕ್ಕೆ ಆವಿ ಬೇಕೋ, ಕಲ್ಲು ಬೇಕೋ? ಹತ್ತನೆಯ ತರಗತಿಯ ಮಕ್ಕಳನ್ನು ಎರಡು ಗುಂಪು ಮಾಡಿ, ಚರ್ಚೆಗೆ ಬಿಡಿ.